ಕಿರೀಟ ಕಟ್ಟಿದ ಮೇಲೆ ಮಾತು

ಸಾಂಗ್ಲಿಯಲ್ಲಿ 1843ರ ನವೆಂಬರ್ 5ರಂದು ವಿಷ್ಣುದಾಸ ಭಾವೆಯವರ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿ ದಿನವೆಂದು ಇಂದಿಗೂ ಆಚರಿಸುವುದು ಆ ದಿನವನ್ನೇ. ಅದರ ಮೂಲಪ್ರೇರಣೆ ಮಾತ್ರ ಕನ್ನಡ ಸೀಮೆಯದು. ಅದಕ್ಕೂ ಮುಂಚೆ ಕರ್ನಾಟಕದ ಕಡೆಯಿಂದ ಬಂದ ಭಾಗವತ ಮೇಳವೊಂದು ಸಾಂಗ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರ ಎದುರು ಆಟ ಆಡಿತ್ತು. ಆಟ ಒರಟೆನಿಸಿದರೂ ಅದರ ಗುಂಗು ಅಪ್ಪಾಸಾಹೇಬರನ್ನು ಬಿಡಲಿಲ್ಲ. ಇದನ್ನೇ ತಿದ್ದಿ ತೀಡಿ ಮರಾಠಿಯಲ್ಲಿ ಮಾಡು ಎಂದು ಭಾವೆಯವರಿಗೆ ಅಪ್ಪಣೆಯಾಯಿತು.

ಪಾತ್ರ ವಹಿಸಿ ಆಡುವ ಇಂದಿನ ಆಟಗಳ ಬಗ್ಗೆ ಹೇಳಹೊರಟ ಕಿರುಹೊತ್ತಿಗೆಗೆ ಈ ಹಳೆಯ ನಾಟಕ ಯಾಕೆ ಬೇಕು? ಎರಡರ ಕಟ್ಟು ಒಂದೇ ಆಗಿರುವುದರಿಂದ. ಭಾವೆಯವರ ನಾಟಕದಲ್ಲಿ ಸೂತ್ರಧಾರ ಮೊದಲಿನಿಂದ ಕೊನೆಯವರೆಗೆ ನಿಂತು ಹಾಡಿನಲ್ಲಿ ಕಥೆ ನಡೆಸುತ್ತಿದ್ದ. ಪಾತ್ರಧಾರಿಗೆ ಬರೆದ ಮಾತು ಇರಲಿಲ್ಲ. ಹಾಡು ನಿಂತಾಗ ಸಂದರ್ಭ ನೋಡಿ ತಾನೇ ಮಾತು ಕಟ್ಟಬೇಕು. ನಮ್ಮ ಯಕ್ಷಗಾನ ತಾಳಮದ್ದಳೆಯ ಭಾಗವತ ಮತ್ತು ಅರ್ಥಧಾರಿಯ ನಂಟೂ ಇದೇ. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಬಂದ ಮೇಲೆ ಜಗತ್ತಿನ ತುಂಬ ಹಬ್ಬಿದ ಆಟಗಳಲ್ಲೂ ಮೇಜಿನ ಸುತ್ತ ಕೂತವರಲ್ಲಿ ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಂತಮ್ಮ ಪಾತ್ರವಾಗಿ ಉತ್ತರ ಕೊಡುತ್ತಾರೆ. ದಾಳ ಉರುಳುವುದೊಂದು ಹೆಚ್ಚು.

ಆ ಕಾಲದ ನಾಟಕಗಳಲ್ಲಿ ರಾಕ್ಷಸನ ಪ್ರವೇಶವೆಂದರೆ ಕೂಗಾಟ, ಕತ್ತಿಯ ಝಳಪು. ಆ ಆರ್ಭಟವನ್ನೇ ಅಣಕಿಸಿ ಜನ ಅವಕ್ಕೆ 'ಅಲಲಡುರ್ರ' ನಾಟಕಗಳೆಂದು ಹೆಸರಿಟ್ಟರು. ಬಣ್ಣದ ವೇಷದ ಅಬ್ಬರ ಕಂಡು ಬೆಳೆದ ನಮಗೆ ಅದೇನೂ ಹೊಸದಲ್ಲ. ಆದರೆ ಅಬ್ಬರ ಸುಲಭದ ಪಾಲು. ತಾಳಮದ್ದಳೆಯಲ್ಲಿ ಕಿರೀಟವೂ ಇಲ್ಲ, ಬಣ್ಣವೂ ಇಲ್ಲ. ಅಲ್ಲಿ ರಾವಣನನ್ನು ರಾವಣನಾಗಿಸುವುದು ಅವನ ವಾದ ಒಂದೇ.

ಮೇಜಿನ ಸುತ್ತಿನ ಆಟದಲ್ಲಿ ಪುರಾತನ ಕೆಲ್ಟ್ ಬುಡಕಟ್ಟುಗಳ ನಾಯಕನಾಗಿ ಆಡುವವನು ಸಾಮಾನ್ಯವಾಗಿ ಎಡವುವುದು ಇಲ್ಲೇ. ಸುಣ್ಣದ ನೀರು ಹಚ್ಚಿ ನಿಮಿರಿಸಿದ ಕೂದಲು, ಕೊರಳಲ್ಲಿ ತಿರುಚಿದ ಚಿನ್ನದ ಕಡಗ, ಜೋಲುಮೀಸೆ, ಒಂದು ಘರ್ಜನೆ, ಅಲ್ಲಿಗೆ ಮುಗಿಯಿತು. ಈ ವೇಷ ಎಲ್ಲಿಂದ ಬಂತೆಂದು ನೋಡಿದರೆ ಹೆಚ್ಚಿನದು ಗ್ರೀಕ್ ಮತ್ತು ರೋಮನ್ ಲೇಖಕರ ವರ್ಣನೆ. ಕೆಲ್ಟರು ತಮ್ಮ ಇತಿಹಾಸವನ್ನು ತಾವು ಬರೆದಿಡಲಿಲ್ಲ. ಗಾಲ್ ದೇಶದ ನಾಯಕ ವರ್ಸಿಂಜೆಟೋರಿಕ್ಸ್‌ನ ಕಥೆಯನ್ನು ವಿವರವಾಗಿ ಹೇಳಿದವನು ಅವನನ್ನು ಸೋಲಿಸಿದ ರೋಮನ್ ಸೇನಾಪತಿ ಸೀಸರನೇ. ರಾಮಾಯಣದಲ್ಲಿ ರಾವಣನ ಪಾಡೂ ಬಹುಶಃ ಇದೇ. ಫ್ರಾನ್ಸಿನಲ್ಲಿ ಮೂರನೆಯ ನೆಪೋಲಿಯನ್ 1865ರಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ವರ್ಸಿಂಜೆಟೋರಿಕ್ಸ್‌ಗೆ ಭರ್ಜರಿ ಮೀಸೆಯಿದೆ, ಮುಖದಲ್ಲಿ ಆ ಚಕ್ರವರ್ತಿಯದೇ ಛಾಯೆ. ವರ್ಸಿಂಜೆಟೋರಿಕ್ಸ್‌ನ ಹೆಸರಿರುವ ಹಳೆಯ ನಾಣ್ಯಗಳಲ್ಲಿ ಇರುವುದು ಮೀಸೆಯಿಲ್ಲದ ಎಳೆಯ ಮುಖ.

ಸೀಸರ್ ಹೇಳಿದ ಸಂಗತಿಗಳನ್ನು ವೇಷ ಬದಿಗಿಟ್ಟು ಓದಿದರೆ ಆಡಲು ಬೇಕಾದಷ್ಟು ಸಿಗುತ್ತದೆ. ರಾಜನಾಗಲು ಹೊರಟನೆಂದು ವರ್ಸಿಂಜೆಟೋರಿಕ್ಸ್‌ನ ತಂದೆಯನ್ನು ಸ್ವಂತ ಜನರೇ ಕೊಂದಿದ್ದರು. ರೋಮಿನ ಮೇಲೆ ದಂಗೆಗೆ ಕರೆ ಕೊಟ್ಟಾಗ ಚಿಕ್ಕಪ್ಪನೂ ಊರ ಪ್ರಮುಖರೂ ಸೇರಿ ಈತನನ್ನು ಊರಾಚೆ ಅಟ್ಟಿದರು. ಹೊರಗೆ ಜನ ಕಟ್ಟಿ ಮರಳಿ ಬಂದು ನಾಯಕನಾದ. ಇಂಥವನು ಆಜ್ಞೆ ಕೊಟ್ಟು ನಿರಾಳವಾಗಿ ಕೂರುವಂತಿರಲಿಲ್ಲ. ಪ್ರತಿ ಹೆಜ್ಜೆಗೂ ಸಭೆಯನ್ನು ಒಪ್ಪಿಸಬೇಕಿತ್ತು.

ಕ್ರಿ.ಪೂ. 52ರಲ್ಲಿ ರೋಮನ್ ಸೇನೆಗೆ ಕಾಳು, ಮೇವು ಸಿಗದಂತೆ ನಮ್ಮ ಊರುಗಳನ್ನು ನಾವೇ ಸುಡೋಣ ಎಂದ. ಬಿಟುರಿಗೆಸ್ ಬುಡಕಟ್ಟಿನ ಜನ ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಊರು ಸುಟ್ಟರು, ಆದರೆ ಅವಾರಿಕಮ್ ಪಟ್ಟಣವನ್ನು ಉಳಿಸಿಕೊಡು ಎಂದು ಕಾಲಿಗೆ ಬಿದ್ದರು. ಮನಸ್ಸಿಲ್ಲದಿದ್ದರೂ ಒಪ್ಪಿದ. ಸೀಸರ್ ಆ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಇವನ ಕಡೆಯವರೇ ಇವನನ್ನು ದ್ರೋಹಿ ಎಂದರು. ಅವನು ಒಂದೊಂದು ಆರೋಪಕ್ಕೂ ಉತ್ತರ ಕೊಟ್ಟು, ಕೊನೆಗೆ ಸೆರೆಸಿಕ್ಕ ಕೆಲವರನ್ನು ಸಭೆಗೆ ತಂದು ನಿಲ್ಲಿಸಿದ. ರೋಮನ್ ಸೈನ್ಯದಲ್ಲಿ ಅನ್ನಕ್ಕೆ ತತ್ವಾರ ಎಂದು ಅವರು ಗೋಳಾಡಿದರು. ಸೀಸರ್ ಬರೆಯುವಂತೆ ಅವರು ಸೈನಿಕರೇ ಅಲ್ಲ, ಉಪವಾಸ ಕೆಡವಿ ಮೊದಲೇ ಮಾತು ಕಲಿಸಿದ್ದ ಗುಲಾಮರು. ಜನ ಆಯುಧ ಖಣಖಣಿಸಿ ಒಪ್ಪಿಗೆ ತೋರಿದರು. ಅಂದರೆ ಪಾತ್ರ ವಹಿಸುವ ಆಟವನ್ನು ಆ ನಾಯಕನೇ ಆಡಿಸಿದ್ದ! ಕ್ರೂರ ಆಟ ಎನ್ನದೆ ವಿಧಿಯಿಲ್ಲ.

ಪಟ್ಟಣ ಬಿತ್ತು. ಅಲ್ಲಿದ್ದ ಸುಮಾರು 40,000 ಜನರಲ್ಲಿ ತಪ್ಪಿಸಿಕೊಂಡವರು 800 ಎಂದು ಸೀಸರನ ಲೆಕ್ಕ. ಮರುದಿನ ವರ್ಸಿಂಜೆಟೋರಿಕ್ಸ್ ಸಭೆ ಕರೆದ. ಸೋತವನ ಮಾನ ಇಳಿಯಬೇಕಿತ್ತು, ಏರಿತು. ಈ ಪಟ್ಟಣ ಉಳಿಸುವುದು ಬೇಡವೆಂದು ತಾನು ಮೊದಲೇ ಹೇಳಿದ್ದೆನೆಂದು ನೆನಪಿಸಿದ, ಮೊದಲ ಬಾರಿಗೆ ಶಿಬಿರಕ್ಕೆ ಕೋಟೆ ಕಟ್ಟಿಸಿದ. ಆಟ ನಡೆಸುವವರು ಈ ಸಭೆಯಲ್ಲಿ ದಾಳವನ್ನು ಪಕ್ಕಕ್ಕಿಡಬೇಕು. ಬದುಕುಳಿದ 800 ಜನರಾಗಿ ಮೇಜಿನ ಸುತ್ತ ಉಳಿದವರು ಕೂರಲಿ, ನಾಯಕನ ಪಾತ್ರಧಾರಿ ಎದ್ದು ನಿಂತು ಅವರಿಗೆ ಉತ್ತರ ಕೊಡಲಿ.