ಹೊಡೆಯದ ಕೋಲು

ಉಪನಯನದ ಮನೆಯಲ್ಲಿ ವಟುವಿನ ಕೈಗೆ ಮುತ್ತುಗದ ಕೋಲೊಂದನ್ನು ಕೊಡುವುದನ್ನು ಅನೇಕರು ನೋಡಿರುತ್ತಾರೆ. ಫೋಟೋ ತೆಗೆದಾದ ಮೇಲೆ ಅದು ಮೂಲೆ ಸೇರುತ್ತದೆ. ಆದರೆ ಈ ದಂಡದ ಬಗ್ಗೆ ಮನುಸ್ಮೃತಿ ವಹಿಸುವ ಎಚ್ಚರ ಸಣ್ಣದಲ್ಲ. ಬ್ರಾಹ್ಮಣ ವಟುವಿನ ಕೋಲು ತಲೆಗೂದಲನ್ನು ಮುಟ್ಟಬೇಕು, ಕ್ಷತ್ರಿಯನದು ಹಣೆಯನ್ನು, ವೈಶ್ಯನದು ಮೂಗನ್ನು. ಮೇಲುಕೀಳನ್ನು ಗೇಣು ಹಾಕಿ ಅಳೆದಿಟ್ಟಂತಿದೆ. ಶೂದ್ರನಿಗಂತೂ ಕೋಲೇ ಇಲ್ಲ. ಇದರ ಬೆನ್ನಿಗೇ ಮತ್ತೊಂದು ನಿಯಮ: ಕೋಲು ನೆಟ್ಟಗಿರಬೇಕು, ಸಿಪ್ಪೆ ಸುಲಿದಿರಬಾರದು, ಬೆಂಕಿ ತಾಗಿರಬಾರದು, ನೋಡಿದವರಿಗೆ ಅಂಜಿಕೆ ಹುಟ್ಟಿಸಬಾರದು.

ಈ ಕೊನೆಯ ಮಾತು ಗಮನಿಸತಕ್ಕದ್ದು. ಏಕೆಂದರೆ ರಾಜನ ಕೈಯಲ್ಲಿ ದಂಡದ ಕೆಲಸವೇ ಅಂಜಿಸುವುದು. ಅದೇ ಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ದಂಡವು ಕಪ್ಪು ಮೈಯ, ಕೆಂಗಣ್ಣಿನ ಪುರುಷನಾಗಿ ರಾಜ್ಯದಲ್ಲಿ ಸಂಚರಿಸುತ್ತದೆ. ಆಳುವ ವಿದ್ಯೆಗೆ ಕೌಟಿಲ್ಯ ಬಳಸುವ ಹೆಸರೇ ದಂಡನೀತಿ. ಕನ್ನಡದಲ್ಲೂ ಈ ಕೋಲಿನ ಸಂತಾನ ದೊಡ್ಡದು: ಹೊಯ್ಸಳರ ದಂಡನಾಯಕ ಜನರ ಬಾಯಲ್ಲಿ ದಣ್ಣಾಯಕನಾದ, ತಪ್ಪಿಗೆ ನಾವು ತೆರುವುದು ದಂಡ, ತಹಶೀಲ್ದಾರರು ತಾಲ್ಲೂಕು ದಂಡಾಧಿಕಾರಿಗಳೂ ಹೌದು.

ಹಾಗಾದರೆ ಸಕಲ ಜೀವಿಗಳಿಗೂ ಅಭಯ ಕೊಟ್ಟು ಮನೆ ಬಿಟ್ಟ ಸನ್ಯಾಸಿ ಕೋಲು ಹಿಡಿಯುವುದೇಕೆ? ನಾಯಿ, ಹಾವುಗಳ ಭಯಕ್ಕೆಂದು ಹೇಳಿದರೆ ತಪ್ಪೇನೂ ಇಲ್ಲ. ಆದರೆ ಶಾಸ್ತ್ರ ಕೊಡುವ ಉತ್ತರ ಬೇರೆ: ಈ ದಂಡ ತನಗೆ ತಾನೇ ವಿಧಿಸಿಕೊಂಡದ್ದು. ಮಾತು, ಮನಸ್ಸು, ದೇಹ ಈ ಮೂರನ್ನೂ ಹತೋಟಿಯಲ್ಲಿ ಇಟ್ಟುಕೊಂಡವನೇ ತ್ರಿದಂಡಿ ಎನ್ನುತ್ತದೆ ಮನುಸ್ಮೃತಿ. ಶ್ರೀವೈಷ್ಣವ ಯತಿಗಳು ಮೂರು ಬಿದಿರುಕೋಲುಗಳನ್ನು ಒಟ್ಟಿಗೆ ಕಟ್ಟಿ ಹಿಡಿಯುತ್ತಾರೆ; ರಾಮಾನುಜರ ಮೂರ್ತಿಗಳಲ್ಲಿ ಅದನ್ನು ಕಾಣಬಹುದು. ಶೃಂಗೇರಿಯ ಸ್ವಾಮಿಗಳದು ಏಕದಂಡ. ಉಡುಪಿಯ ಮಾಧ್ವ ಯತಿಗಳು ಅದ್ವೈತವನ್ನು ಖಂಡಿಸಿದರೂ ಹಿಡಿಯುವುದು ಏಕದಂಡವನ್ನೇ. ತ್ರಿದಂಡಿಗಳು ಜುಟ್ಟು, ಜನಿವಾರ ಉಳಿಸಿಕೊಳ್ಳುತ್ತಾರೆ. ಅದ್ವೈತಿಗಳು ಎರಡನ್ನೂ ಬಿಡುತ್ತಾರೆ. ಒಂದೇ ಸರಿಯೋ ಮೂರೇ ಸರಿಯೋ ಎಂದು ಪಂಡಿತರು ಶತಮಾನಗಳ ಕಾಲ ವಾದ ಹೂಡಿದ್ದಾರೆ. ತನ್ನನ್ನು ದಂಡಿಸಿಕೊಳ್ಳಲು ಹಿಡಿದ ಕೋಲೇ ಎದುರಾಳಿಯತ್ತ ತಿರುಗಿತೆನ್ನಬೇಕು!

ಬಂಗಾಳದ ಚೈತನ್ಯರು 1510ರಲ್ಲಿ ಸನ್ಯಾಸ ಪಡೆದು, ಏಕದಂಡ ಹಿಡಿದು ಪುರಿಗೆ ಹೊರಟರು. ದಾರಿಯಲ್ಲಿ ಅವರ ಸಂಗಡಿಗ ನಿತ್ಯಾನಂದರು ಆ ದಂಡವನ್ನು ಮೂರು ತುಂಡಾಗಿ ಮುರಿದು ಹೊಳೆಗೆ ಎಸೆದರೆಂದು ಚೈತನ್ಯ ಚರಿತಾಮೃತ ಹೇಳುತ್ತದೆ. ಏಕದಂಡ ತ್ರಿದಂಡವಾಯಿತೆಂದು ಕೆಲವರು ಅರ್ಥ ಹೇಳುವುದುಂಟು. ಇಂಥ ಭಕ್ತನಿಗೆ ಕೋಲೇ ಬೇಡವೆಂದು ಇನ್ನು ಕೆಲವರು. ಚೈತನ್ಯರಿಗೆ ಮಾತ್ರ ಆ ಕೆಲಸ ಹಿಡಿಸಲಿಲ್ಲ. ಜೊತೆಯವರನ್ನು ಬಿಟ್ಟು, ಬರಿಗೈಯಲ್ಲಿ ಒಬ್ಬರೇ ಮುಂದೆ ನಡೆದರು.