ಕಡತದ ಬಾಲ ನೋಡಿ, ಆಮೇಲೆ ಒತ್ತಿ

ಗೊಟ್ಟಿಗೆರೆಯಲ್ಲಿ ನಮ್ಮ ಮನೆ ಹತ್ತಿರದ ಜೆರಾಕ್ಸ್ ಅಂಗಡಿಗೆ ದಿನವಿಡೀ ಜನ. ಆಧಾರ್, ಬಾಡಿಗೆ ಕರಾರು, ಮಾರ್ಕ್ಸ್ ಕಾರ್ಡ್. 'ಅಣ್ಣ, ಮೇಲ್ ಮಾಡಿದೀನಿ, ಒಂದು ಪ್ರಿಂಟ್ ಕೊಡಿ' ಎಂಬುದೇ ಎಲ್ಲರ ಮಾತು. 'ಗುರುತಿಲ್ಲದವರ ಮೇಲ್ ತೆರೆಯಬೇಡಿ' ಎಂದು ಅಂಗಡಿಯವರಿಗೆ ಹೇಳಿ ಏನು ಪ್ರಯೋಜನ? ಅದನ್ನು ತೆರೆಯುವುದೇ ಅವರ ಹೊಟ್ಟೆಪಾಡು.

ಮೊನ್ನೆ ಅವರು ಒಂದು ಮೇಲ್ ತೋರಿಸಿದರು. 'ಬಿಲ್ ಬಾಕಿ ಇದೆ, ಕೂಡಲೇ ನೋಡಿ' ಎಂದಿತ್ತು. ಅದರ ಕೊಂಡಿಯಿಂದ ಇಳಿಸಿದ್ದ ಜಿಪ್ ಕಡತದೊಳಗೆ 'ಇನ್ವಾಯ್ಸ್.ಪಿಡಿಎಫ್' ಕೂತಿತ್ತು. ಚಿತ್ರವೂ ಪಿಡಿಎಫ್‌ನದೇ. ಪುಣ್ಯಕ್ಕೆ ಇನ್ನೂ ಒತ್ತಿರಲಿಲ್ಲ. ವಿಂಡೋಸ್‌ನ ಫೋಲ್ಡರ್‌ನಲ್ಲಿ 'ವ್ಯೂ' ಒತ್ತಿ, 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆಯ್ಕೆಗೆ ಟಿಕ್ ಹಾಕಿದೆವು. ಹೆಸರು ಒಮ್ಮೆಲೇ ಉದ್ದವಾಯಿತು: ಇನ್ವಾಯ್ಸ್.ಪಿಡಿಎಫ್.ಇಎಕ್ಸ್‌ಇ.

ಕೊನೆಯ ಚುಕ್ಕೆಯ ನಂತರದ ಅಕ್ಷರಗಳೇ ಕಡತದ ನಿಜವಾದ ಜಾತಿ. ಇಎಕ್ಸ್‌ಇ ಎಂದರೆ ಓದುವ ಕಾಗದವಲ್ಲ, ಓಡುವ ಪ್ರೋಗ್ರಾಂ. ಅದಕ್ಕೆ ಯಾವ ಚಿತ್ರವನ್ನು ಬೇಕಾದರೂ ಅಂಟಿಸಬಹುದು. ವಿಂಡೋಸ್ ಸಾಮಾನ್ಯವಾಗಿ ಈ ಬಾಲವನ್ನು ಮುಚ್ಚಿಡುತ್ತದೆ. 2000ದ ಮೇ 4ರಂದು 'ಐ ಲವ್ ಯೂ' ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ನುಗ್ಗಿದ್ದು ಇದೇ ಸಂದಿಯಿಂದ. ಪ್ರೇಮಪತ್ರದ ಸೋಗಿನಲ್ಲಿ ಬಂದ ಆ ಕಡತದ ಹೆಸರು 'ಟಿಎಕ್ಸ್‌ಟಿ' ಎಂದು ಮುಗಿದಂತೆ ಕಾಣುತ್ತಿತ್ತು. ಅದರಾಚೆ 'ವಿಬಿಎಸ್' ಎಂಬ, ಓಡುವ ಪ್ರೋಗ್ರಾಂನ ಬಾಲ ಅಡಗಿತ್ತು. ಒತ್ತಿದರೆ ಚಿತ್ರಗಳನ್ನು ಅಳಿಸಿ, ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ತನ್ನನ್ನೇ ಕಳಿಸಿಕೊಳ್ಳುತ್ತಿತ್ತು.

ಕಳಿಸಿದವರ ಹೆಸರನ್ನೂ ನೆಚ್ಚುವಂತಿಲ್ಲ. 1982ರಲ್ಲಿ ರೂಪುಗೊಂಡ ಮೇಲ್ ನಿಯಮದಲ್ಲಿ ಅದನ್ನು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಇನ್‌ಲ್ಯಾಂಡ್ ಲೆಟರ್‌ನ ಹಿಂದೆ ಯಾರ ವಿಳಾಸ ಬರೆದರೂ ಅಂಚೆಯವರು ಕೇಳುತ್ತಿರಲಿಲ್ಲವಲ್ಲ, ಹಾಗೆ. ತಪಾಸಣೆಗಳು ಬಂದದ್ದು ಆಮೇಲೆ. ಅವನ್ನು ದಾಟಿ ಬಂದ ಮೇಲ್ ಕೂಡ ಕದ್ದ ಖಾತೆಯದಾಗಿರಬಹುದು. 2019ರ ಏಪ್ರಿಲ್‌ನಲ್ಲಿ ಸರ್ಜಾಪುರ ರಸ್ತೆಯ ವಿಪ್ರೋ, ತನ್ನ ಕೆಲವು ನೌಕರರ ಖಾತೆಗಳು ಫಿಶಿಂಗ್‌ಗೆ, ಅಂದರೆ ಮೋಸದ ಮೇಲ್‌ಗಳಿಗೆ, ತುತ್ತಾದವೆಂದು ಒಪ್ಪಿಕೊಂಡಿತು. ಐಟಿ ಕಂಪನಿಗೇ ಹೀಗಾದರೆ ಜೆರಾಕ್ಸ್ ಅಂಗಡಿಯವರು ಮೋಸಹೋದರೆ ದಡ್ಡರೆನ್ನಲಾಗದು.

ಅಂಗಡಿಯಲ್ಲಿ ಈಗ ಕ್ರಮ ಬದಲಾಗಿದೆ. ಗಿರಾಕಿಗಳ ಕಡತವನ್ನು ಇಳಿಸಿಕೊಳ್ಳದೆ, ಮೇಲ್‌ನ ಪ್ರಿವ್ಯೂನಲ್ಲೇ ನೋಡಿ ಅಲ್ಲಿಂದಲೇ ಪ್ರಿಂಟ್ ತೆಗೆಯುತ್ತಾರೆ. ಇಳಿಸಲೇಬೇಕಾದ ವರ್ಡ್ ಕಡತ 'ಎನೇಬಲ್ ಕಂಟೆಂಟ್' ಎಂದು ಕೇಳಿದರೆ ಒತ್ತುವುದಿಲ್ಲ. ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಂ ಆ ಗುಂಡಿಗಾಗಿ ಕಾಯುತ್ತಿರಬಹುದು. ಲೆಕ್ಕಪತ್ರದ ಒಂದು ಪ್ರತಿ ಬೇರೆ ಹಾರ್ಡ್ ಡಿಸ್ಕ್‌ನಲ್ಲಿದೆ, ಕೆಲಸವಿಲ್ಲದಾಗ ಅದರ ಕೇಬಲ್ ಬಿಚ್ಚಿಟ್ಟಿರುತ್ತಾರೆ.

ಕೈತಪ್ಪಿ ಒತ್ತಿಬಿಟ್ಟರೆ ಮೊದಲು ಇಂಟರ್ನೆಟ್ ಕಡಿಯಿರಿ. ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ಗಂಟೆಯೂ ಕಳ್ಳನಿಗೇ ಲಾಭ.