ಬೆಟ್ಟವೇ ಪ್ರಶ್ನೆಪತ್ರಿಕೆ

2013ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಮೈಸೂರು ನಗರದಲ್ಲಿ ಒಂದು ಅಪೂರ್ವವಾದ ಸ್ಪರ್ಧೆ ನಡೆಯಿತು. ಹಲವು ದೇಶಗಳ ವಿದ್ಯಾರ್ಥಿಗಳು ಅಲ್ಲಿ ನೆರೆದಿದ್ದರು. ಅವರು ಓಟಕ್ಕಾಗಲಿ ಭಾಷಣಕ್ಕಾಗಲಿ ಬಂದವರಲ್ಲ. ಕಲ್ಲು, ಮಣ್ಣು, ಮಳೆ, ಕಡಲು, ನಕ್ಷತ್ರಗಳನ್ನು ಕುರಿತ ಪ್ರಶ್ನೆಗಳಿಗೆ ಉತ್ತರ ಹೇಳಲು ಬಂದವರು. ಅದು ಏಳನೆಯ ಅಂತರರಾಷ್ಟ್ರೀಯ ಭೂವಿಜ್ಞಾನ ಒಲಿಂಪಿಯಾಡ್. ಈ ಸ್ಪರ್ಧೆ ಮೊದಲಾದದ್ದು 2007ರಲ್ಲಿ, ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ. ಭಾರತದ ತಂಡವನ್ನು ಆರಿಸುವ ಕಾರ್ಯವನ್ನು ಆ ವರ್ಷಗಳಲ್ಲಿ ನಿರ್ವಹಿಸಿದ್ದು ಬೆಂಗಳೂರಿನಲ್ಲಿರುವ ಭಾರತೀಯ ಭೂವೈಜ್ಞಾನಿಕ ಸಂಘ. 1958ರಲ್ಲಿ ಸ್ಥಾಪಿತವಾದ ಸಂಸ್ಥೆ ಅದು.

ಈ ಸ್ಪರ್ಧೆಯಲ್ಲಿ ಲಿಖಿತ ಪರೀಕ್ಷೆಯಷ್ಟೇ ಅಲ್ಲದೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಅದಕ್ಕಿಂತಲೂ ಸ್ವಾರಸ್ಯವಾದುದು ಇನ್ನೊಂದು. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳನ್ನು ಬೆರೆಸಿ ತಂಡಗಳನ್ನಾಗಿ ಮಾಡಿ ಬಯಲಿಗೆ ಕಳುಹಿಸಲಾಗುತ್ತದೆ. ನಿನ್ನೆಯವರೆಗೆ ಪ್ರತಿಸ್ಪರ್ಧಿಗಳಾಗಿದ್ದವರು ಒಂದೇ ಬಂಡೆಯ ಮುಂದೆ ನಿಂತು ಅದು ಹೇಗೆ ಉಂಟಾಯಿತೆಂದು ಚರ್ಚಿಸಬೇಕು. ಅಲ್ಲಿ ಬಾಯಿಪಾಠ ಉಪಯೋಗಕ್ಕೆ ಬಾರದು. ಕಣ್ಣಿಗೆ ಕಂಡುದೇನು, ಅದರಿಂದ ಊಹಿಸಿದ್ದೇನು ಎಂಬ ಭೇದವನ್ನು ಬಲ್ಲವನೇ ಮುಂದುವರಿಯುತ್ತಾನೆ.

ಇಂಥ ಅಭ್ಯಾಸಕ್ಕೆ ಚಿಕ್ಕಮಗಳೂರು ಜಿಲ್ಲೆಯ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ಚಿಕ್ಕಮಗಳೂರು ತಾಲ್ಲೂಕಿನಲ್ಲಿ ಕಳಸಾಪುರವೆಂಬ ಗ್ರಾಮವಿದೆ. ಇದು ಭದ್ರಾ ತೀರದ ಕಳಸವಲ್ಲ. ಹೆಸರು ಹತ್ತಿರವಾದುದರಿಂದ ಗೊಂದಲವಾಗಬಾರದು. ಇದರ ಹೆಸರನ್ನೇ ಭೂವಿಜ್ಞಾನಿಗಳು ಒಂದು ಶಿಲಾಸಮೂಹಕ್ಕೆ ಕೊಟ್ಟಿದ್ದಾರೆ. ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ - ಇವು ಬಾಬಾಬುಡನ್ ಶ್ರೇಣಿಯ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುವಾಗ ಬರುವ ಹೆಸರುಗಳು. ಪರದೇಶದ ಪಂಡಿತನೂ ಈ ಊರುಗಳ ಹೆಸರನ್ನು ಉಚ್ಚರಿಸದೆ ಈ ಬೆಟ್ಟಗಳ ಕಥೆಯನ್ನು ಹೇಳಲಾರನು.

ಎಲ್ಲಕ್ಕೂ ಅಡಿಪಾಯವಾಗಿರುವುದು 300 ಕೋಟಿ ವರ್ಷಗಳಿಗೂ ಹಳೆಯದಾದ ನೈಸ್ ಎಂಬ ಪಟ್ಟೆಪಟ್ಟೆಯ ಬಂಡೆ. ಅದರ ಮೇಲೆ ಬೆಣಚುಕಲ್ಲಿನ ನುಣುಪಾದ ಹರಳುಗಳು ಒತ್ತಾಗಿ ಅಂಟಿಕೊಂಡಿರುವ ಒಂದು ಪದರವಿದೆ. ಹರಳು ನುಣುಪಾಗಬೇಕಾದರೆ ನೀರು ಅದನ್ನು ಉರುಳಿಸಿರಬೇಕು. ಹಾಗಾದರೆ ಅಲ್ಲಿ ತೊರೆ ಹರಿದಿತ್ತೆಂದಾಯಿತು. ಕಳಸದಲ್ಲಿ ಭದ್ರೆಯ ದಂಡೆಗೆ ಹೋಗಿ ಇಂದಿನ ಹರಳುಗಳನ್ನು ಕೈಗೆತ್ತಿಕೊಂಡು ನೋಡಿದವನಿಗೆ ಈ ಮಾತು ಸುಲಭವಾಗಿ ಒಪ್ಪಿಗೆಯಾಗುತ್ತದೆ. ಆದರೆ ಈ ಹಳೆಯ ಹರಳುಗಳ ನಡುವೆ ಒಂದು ವಿಚಿತ್ರವುಂಟು. ಕಬ್ಬಿಣ ಮತ್ತು ಗಂಧಕಗಳಿಂದಾದ ಪೈರೈಟ್ ಎಂಬ ಖನಿಜದ ಕಣಗಳೂ ತೊರೆಯಲ್ಲಿ ಉರುಳಿ ದುಂಡಾಗಿ ಅಲ್ಲಿ ಸೇರಿವೆ. ಇಂದಿನ ಹೊಳೆಯಲ್ಲಾದರೆ ಗಾಳಿಯ ಆಮ್ಲಜನಕ ತಾಗಿ ಪೈರೈಟ್ ಬಹುಬೇಗ ತುಕ್ಕಾಗಿ ಹೋಗುತ್ತಿತ್ತು. ಅದು ಕೆಡದೆ ಉಳಿದಿದೆ ಎಂದರೆ, ಆ ತೊರೆ ಹರಿದ ಕಾಲದಲ್ಲಿ ಗಾಳಿಯಲ್ಲಿ ಆಮ್ಲಜನಕ ಇದ್ದಿರಲಾರದು. ಅಂಗೈಯಗಲದ ಕಲ್ಲಿನಿಂದ ಇಡೀ ಭೂಮಂಡಲದ ವಾಯುವಿನ ಸ್ಥಿತಿ ಗೊತ್ತಾಗುವುದು ಹೀಗೆ.

ತೊರೆಯ ಮರಳಿನ ಮೇಲೆ ಲಾವಾರಸ ಹರಿದು ಹೆಪ್ಪುಗಟ್ಟಿತು. ಅದರೊಳಗಿನ ಅನಿಲದ ಗುಳ್ಳೆಗಳಲ್ಲಿ ಆಮೇಲೆ ಬಿಳಿಯ ಖನಿಜ ತುಂಬಿಕೊಂಡುದರಿಂದ ಆ ಕಪ್ಪುಕಲ್ಲಿನಲ್ಲಿ ಬಾದಾಮಿಯಂಥ ಚುಕ್ಕೆಗಳು ಕಾಣುತ್ತವೆ. ಕ್ರಮೇಣ ಸಮುದ್ರ ಆಳವಾಯಿತು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ. ಅದರ ಹೆಸರನ್ನು ಹೊತ್ತ ಮೇಲಿನ ಪದರವಾದರೋ ಕಡಲಿನ ಅಡಿಯಲ್ಲಿ ಸಂಚಯವಾದುದು! ಅದರಲ್ಲಿ ಕಬ್ಬಿಣದ ಕಪ್ಪು ಕೆಂಪು ಎಳೆಗಳೂ ಬೆಣಚಿನ ಬಿಳಿ ಎಳೆಗಳೂ ಸೀರೆಯ ಅಂಚಿನಂತೆ ಒಂದರ ಮೇಲೊಂದು ಜೋಡಿಕೊಂಡಿವೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣ ಅಡಿಯಲ್ಲಿ ಇಳಿದು ನಿಂತ ಗುರುತು ಅದು. ಸೂರ್ಯನ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳ ಕೈವಾಡ ಇದರಲ್ಲಿ ಉಂಟೆಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ಇಂಥ ವಿಷಯಗಳು ಒಂದೇ ದಿನದಲ್ಲಿ ತಿಳಿದುಬಂದವಲ್ಲ. 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಪ್ರಾರಂಭವಾಯಿತು. ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥ. 1913ರಲ್ಲಿ ಅದೇ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಅವರು ಕುದುರೆಮುಖದ ಕಬ್ಬಿಣದ ಅದಿರನ್ನು ಬೆಳಕಿಗೆ ತಂದರು. ಜನ ಮಾತ್ರ ಇಲಾಖೆಗಿಂತ ಮೊದಲೇ ಅರಿತಿದ್ದರು: ಕೆಂಪು ಮಣ್ಣಿನ ಗುಂಡಿ ಕೆಮ್ಮಣ್ಣುಗುಂಡಿಯಾಯಿತು. ಅಲ್ಲಿನ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಯಿತು.

ಕುದುರೆಮುಖದ ಅದಿರಿನ ಗತಿ ಬೇರೆಯಾಯಿತು. 1976ರಲ್ಲಿ ಸರ್ಕಾರಿ ಕಂಪನಿಯೊಂದು ಸ್ಥಾಪಿತವಾಗಿ, ಬೆಟ್ಟವನ್ನು ಕಡಿದು, ಕಲ್ಲನ್ನು ನುಣ್ಣಗೆ ಅರೆದು, ನೀರಿನೊಡನೆ ಬೆರೆಸಿ, 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸುತ್ತಿತ್ತು. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಗಣಿಯ ಹೂಳು ಭದ್ರೆಯನ್ನು ಸೇರುತ್ತಿದೆಯೆಂಬ ಆಕ್ಷೇಪ ಬಲವಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲಸ ಕಳೆದುಕೊಂಡವರ ನೋವು ಸುಳ್ಳಲ್ಲ. ಹೊಳೆಯ ಕೆಳಗಿನ ರೈತನ ಆತಂಕವೂ ಸುಳ್ಳಾಗಿರಲಿಲ್ಲ. ಒಂದೇ ಕಲ್ಲು ಒಬ್ಬರಿಗೆ ಅನ್ನ, ಇನ್ನೊಬ್ಬರಿಗೆ ಹೂಳು.

ಮೂಡಿಗೆರೆಯ ಕಡೆ ಬಂದರೆ ಗಮನಿಸಬೇಕಾದುದು ಕಲ್ಲಿಗಿಂತ ಹೆಚ್ಚಾಗಿ ಮಣ್ಣು. ಸಹಸ್ರಾರು ವರ್ಷಗಳ ಬಿಸಿಲು ಮಳೆಗಳಿಂದ ಬಂಡೆ ಕೊಳೆತು ದಪ್ಪನೆಯ ಕೆಂಪು ಮಣ್ಣಾಗಿದೆ. ಕಾಫಿಗಿಡ ಬೇರೂರಿರುವುದು ಆ ಮಣ್ಣಿನಲ್ಲಿ. ಅದರ ಕೆಳಗೆ ಕೊಳೆಯದ ಗಟ್ಟಿ ಬಂಡೆಯಿರುತ್ತದೆ. ಮಳೆ ಎಡೆಬಿಡದೆ ಸುರಿದಾಗ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಬಂಡೆಯನ್ನು ಮುಟ್ಟಿದ ನೀರು ಮುಂದೆ ಇಳಿಯಲು ದಾರಿಯಿಲ್ಲದೆ ಅಲ್ಲಿಯೇ ಒತ್ತಡ ಹಾಕುತ್ತದೆ. ಮಣ್ಣಿನ ಹಿಡಿತ ಸಡಿಲುತ್ತದೆ. ರಸ್ತೆಗಾಗಿಯೋ ಮನೆಗಾಗಿಯೋ ಇಳಿಜಾರಿನ ಬುಡವನ್ನು ಕಡಿದಿದ್ದರೆ, ಹಳ್ಳದ ಸಹಜ ದಾರಿಯನ್ನು ಮುಚ್ಚಿದ್ದರೆ, ಧರೆ ನಿಲ್ಲುವುದು ಕಷ್ಟ. 2019ರ ಆಗಸ್ಟ್ ತಿಂಗಳಿನಲ್ಲಿ ಈ ತಾಲ್ಲೂಕಿನ ಹಲವೆಡೆ ಗುಡ್ಡಗಳು ಜರಿದವು. ಮಲೆಮನೆ ಮೊದಲಾದ ಕಡೆಗಳಲ್ಲಿ ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತು. ತಲೆಮಾರುಗಳಿಂದ ನೆರಳುಮರ, ಮೆಣಸಿನಬಳ್ಳಿಗಳೊಡನೆ ಬೆಳೆಸಿದ ತೋಟ ಒಂದು ರಾತ್ರಿಯಲ್ಲಿ ಇಲ್ಲವಾದರೆ ಅದನ್ನು ಮತ್ತೆ ಕಟ್ಟುವುದು ಸಾಮಾನ್ಯ ಕಾರ್ಯವಲ್ಲ.

ಆದುದರಿಂದ ಈ ಸೀಮೆಯ ಶಾಲೆಯ ತಂಡವೊಂದು ಸ್ಪರ್ಧೆಗೆ ಅಣಿಯಾಗುವುದೆಂದರೆ ಪದಕದ ಮಾತು ಮಾತ್ರ ಅಲ್ಲ. ಬೇಕಾದ ಸಾಧನಗಳು ಅಲ್ಪ: ಟಿಪ್ಪಣಿ ಪುಸ್ತಕ, ಅಳತೆಯ ಟೇಪು, ದಿಕ್ಸೂಚಿ, ಒಂದು ಸೂಜಿಗಲ್ಲು. ಸೂಜಿಗಲ್ಲು ಅಂಟಿಕೊಂಡರೆ ಅದಿರಿನ ಜಾತಿ ತಿಳಿಯುತ್ತದೆ. ಆದರೆ ಅದಿರಿನ ಬಳಿ ದಿಕ್ಸೂಚಿ ದಾರಿ ತಪ್ಪಿಸುವುದುಂಟೆಂಬುದನ್ನು ನೆನಪಿಡಬೇಕು. ರಾಷ್ಟ್ರೀಯ ಉದ್ಯಾನದೊಳಗಿನಿಂದ ಕಲ್ಲನ್ನು ತರಬಾರದು, ಚಿತ್ರ ಬರೆದರೆ ಸಾಕು. ಮಳೆ ಸುರಿಯುವಾಗ ಧರೆಯ ಬುಡದಲ್ಲಿ ನಿಲ್ಲಲೇಬಾರದು. ಮಳೆಗಾಲಕ್ಕೆ ಮೊದಲೇ ಅಧ್ಯಾಪಕರೊಡನೆ ಹೋಗಿ ಒರತೆಗಳು ಎಲ್ಲಿವೆ, ಮರಗಳು ಯಾವ ಕಡೆಗೆ ವಾಲಿವೆ, ನೆಲದಲ್ಲಿ ಬಿರುಕು ಬಿಟ್ಟಿದೆಯೇ ಎಂದು ಬರೆದುಕೊಳ್ಳಬೇಕು. ಬಿರುಕಿದ್ದಲ್ಲಿ ಅದರ ಎರಡು ಪಕ್ಕಕ್ಕೆ ಒಂದೊಂದು ಗೂಟ ನೆಟ್ಟು, ನಡುವಿನ ಅಂತರವನ್ನು ದಿನಾಂಕದೊಡನೆ ದಾಖಲಿಸಬೇಕು. ಜೂನ್ ತಿಂಗಳ ಮೊದಲ ವಾರದಲ್ಲಿ ಒಂದು ಗೇಣಿದ್ದುದು ಕೊನೆಯ ವಾರದಲ್ಲಿ ಒಂದೂವರೆ ಗೇಣಾಗಿದ್ದರೆ, ಆ ಅಂಕಿಯನ್ನು ಸ್ಪರ್ಧೆಯ ದಿನದವರೆಗೆ ಇಟ್ಟುಕೊಳ್ಳುವಂತಿಲ್ಲ. ಧರೆಯ ಕೆಳಗಿನ ಮನೆಯವರಿಗೂ ಪಂಚಾಯಿತಿಗೂ ಅದೇ ಸಂಜೆ ತಿಳಿಸಬೇಕಾಗುತ್ತದೆ.